ಅಜ್ಜಿಯ ಎಡಗೈ

ರಿಕ್ಕರ್ಟನ್, ಕ್ರೈಸ್ಟ್‌ಚರ್ಚ್
ಮಂಗಳವಾರ, 21 ಜನವರಿ 2025

ನನ್ನ ಬಂಗಾರದಂಥ ಪ್ರಾಚಿಗೆ ನಿನ್ನ ಅವ್ವ ಮನೆಯಿಂದ ಮಾಡುವ ಆಶೀರ್ವಾದಗಳು.

ಹೇಗಿದ್ದೀಯವ್ವ? ಮೈ ನೆಟ್ಟಗಿದೆಯೇ? ಕೈಬೆರಳ ಚರ್ಮ ಬಿರಿದು ರಕ್ತ ಬರುತ್ತದೆ ಎಂದು ನೀನು ಹೋದ ತಿಂಗಳು ಹೇಳಿದ್ದೆಯಲ್ಲ, ಈಗ ಮಾಯಿತೇ? ನಾನು ಕೊಟ್ಟ ಕೊಬ್ಬರಿ ಎಣ್ಣೆ ಆ ಥಂಡಿಗೆ ಕಲ್ಲಾಗಿರಬೇಕು. ಬಾಟಲಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಮಲಗು, ಬೆಳಗಾಗುವುದರೊಳಗೆ ಕರಗಿರುತ್ತದೆ. ಊಟಕ್ಕೆ ಏನು ಮಾಡುತ್ತೀ? ಹಡಗಿನ ಅಡಿಗೆಯವನು ನಿನಗೆಂದು ಬೇರೆ ಪಾತ್ರೆ ಇಡುತ್ತಾನೆಂದು ಹೇಳಿದ್ದೆ, ಅವನ ಹೊಟ್ಟೆ ತಣ್ಣಗಿರಲಿ. ಖಡಕ್ ರೊಟ್ಟಿ ಮುಗಿದಿದ್ದರೆ ನಾಚಿಕೊಳ್ಳಬೇಡ, ಈ ಗಂಟಿನಲ್ಲಿ ಇನ್ನೂ ನಲವತ್ತು ಇಟ್ಟಿದ್ದೇನೆ. ಶೇಂಗಾ ಚಟ್ನಿಯೂ ಇದೆ. ಎಲ್ಲರಿಗೂ ಹಂಚಿಬಿಡುವವಳು ನೀನು, ಅದು ನನಗೆ ಗೊತ್ತು, ಆದರೂ ಚಟ್ನಿಯನ್ನಾದರೂ ನಿನಗೆ ಉಳಿಸಿಕೋ.

ನಾವು ಇದ್ದೇವೆ. ನಿಮ್ಮಪ್ಪ ಆಫೀಸಿಗೆ ಹೋಗಿಬರುತ್ತಾರೆ, ಬಂದವರು ಅಜ್ಜಿಯ ಕುರ್ಚಿಯ ಕಡೆ ನೋಡದೆ ಸೀದಾ ಹಿತ್ತಲಿಗೆ ಹೋಗಿ ಟೊಮೆಟೊ ಗಿಡಗಳಿಗೆ ನೀರು ಹಾಕುತ್ತಾರೆ. ಹಾಕಿದ ಗಿಡಕ್ಕೇ ಮತ್ತೆ ಹಾಕುತ್ತಾರೆ, ಎರಡು ಗಿಡ ಕೊಳೆತವು. ನಿನ್ನ ತಮ್ಮ ಕಿರಣ ಈಗ ನಾನು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡುತ್ತಾನೆ. ಇಷ್ಟು ವರ್ಷ ಬೈದರೂ ಆಗದ್ದು ಈಗ ಆಗಿದೆ, ಕೇಳಿ ಸಂತೋಷಪಡಬೇಕಾದವಳು ಇಲ್ಲ. ಇಲ್ಲಿ ವಾಯವ್ಯದ ಬಿಸಿಗಾಳಿ ಎರಡು ವಾರದಿಂದ ಬಿಟ್ಟಿಲ್ಲ. ಹೊರಗೆ ಒಣಹಾಕಿದ ಸೀರೆ ಅರ್ಧ ತಾಸಿಗೆ ಹಪ್ಪಳವಾಗುತ್ತದೆ. ನೀನು ಅಲ್ಲಿ ಐಸಿನ ನಡುವೆ ಇದ್ದೀ ಎಂದು ನೆನೆದರೆ ಇಲ್ಲಿ ಬೆವರು ಒರೆಸಿಕೊಳ್ಳುವುದಕ್ಕೂ ನನಗೆ ಒಂಥರಾ ಆಗುತ್ತದೆ.

ನಿನ್ನ ಆಫೀಸಿನ ನವ್ಯಾ ಗುರುವಾರ ಲಿಟಲ್ಟನ್ ಬಂದರಿನಿಂದ ಹೊರಡುತ್ತಾಳಂತೆ. ಅವರ ಹಡಗು ನಿಮ್ಮ ಹಡಗಿನ ಹತ್ತಿರ ಬಂದು, ನೀನು ಪರೀಕ್ಷೆಗೆಂದು ಕೂಡಿಸಿಟ್ಟ ಮೀನಿನ ಡಬ್ಬಿಗಳನ್ನು ತೆಗೆದುಕೊಳ್ಳುತ್ತದಂತೆ. ಆಗ ಈ ಪತ್ರ, ರೊಟ್ಟಿ, ಒಂದು ಸಣ್ಣ ಬಟ್ಟೆಯ ಗಂಟು ನಿನ್ನ ಕೈಗೆ ಕೊಡುತ್ತೇನೆ ಎಂದಿದ್ದಾಳೆ. ಮೈಸೂರಿನ ಕಡೆಯ ಹುಡುಗಿ, ಈ ದೇಶದಲ್ಲೇ ಉತ್ತರದ ಕಡೆ ಆಲ್ಬನಿಯಲ್ಲಿ ಅವಳ ತಾಯಿ ಇದ್ದಾರಂತೆ, ಬಹಳ ಮೆತ್ತಗೆ ಮಾತಾಡುತ್ತಾಳೆ. ಇವತ್ತು ನಾಲ್ಕು ಗಂಟೆಗೆ ಬಂದು ಒಯ್ಯುತ್ತಾಳೆ. ಅಷ್ಟರೊಳಗೆ ಇದನ್ನು ಮುಗಿಸಬೇಕು. ನನ್ನ ಏಳನೇ ಇಯತ್ತೆಯ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು. ನಿನಗೆ ಇದೇ ಅಡಿಗೆಮನೆಯ ಮೇಜಿನ ಮೇಲೆ ಪಾಟಿ ಹಿಡಿಸಿ ಅಕ್ಷರ ಕಲಿಸಿದವಳು ಅಜ್ಜಿ, ಆದ್ದರಿಂದ ನಾನು ಬರೆದದ್ದನ್ನು ನೀನು ಓದಬಲ್ಲೆ.

ಅಜ್ಜಿ ಹೋದಳೆಂದು ನಿಮ್ಮಪ್ಪ ಆಫೀಸಿನವರ ಮೂಲಕ ಸಂದೇಶ ಕಳಿಸಿದ ಮಾರನೇ ದಿನ ನಿನ್ನಿಂದ ಮೂರು ಸಾಲು ಬಂದವು. ಕಿರಣ ಇಂಗ್ಲಿಷಿನಲ್ಲಿ ಓದಿದ, ನಾನು ಮತ್ತೊಮ್ಮೆ ಕನ್ನಡದಲ್ಲಿ ಹೇಳಿಸಿದೆ. ನಾನು ಆರಾಮ ಇದ್ದೇನೆ, ಬರಲು ಆಗುವುದಿಲ್ಲ, ಕ್ಷಮಿಸಿ ಎಂದು ಎರಡು ಸಾಲು. ಮೂರನೆಯದು, ಆ ಭಾನುವಾರ ಫೋನ್ ಮಾಡಿದಾಗ ಅಜ್ಜಿ ಮಲಗಿದ್ದಳಲ್ಲ, ಆಮೇಲಾದರೂ ನನ್ನನ್ನು ಕೇಳಿದಳಾ ಎಂದು. ಅದನ್ನು ಓದಿ ಕಿರಣ ನನ್ನ ಮುಖ ನೋಡಿದ. ನಾನು ಒಲೆಯ ಕಡೆ ತಿರುಗಿದೆ. ಅವತ್ತಿನಿಂದ ಈ ಪ್ರಶ್ನೆ ನನ್ನ ಜೊತೆಗೇ ಏಳುತ್ತದೆ, ನನ್ನ ಜೊತೆಗೇ ಉಣ್ಣಲು ಕೂಡುತ್ತದೆ. ಇದಕ್ಕೆ ಉತ್ತರ ಬರೆಯಲೆಂದೇ ಕೂತಿದ್ದೇನೆ. ಆದರೆ ಅದಕ್ಕಿಂತ ಮೊದಲು ನನ್ನ ಕೈಯಿಂದ ಆದ ಒಂದು ತಪ್ಪನ್ನು ಹೇಳಬೇಕು. ಮೊದಲಿನಿಂದ ಹೇಳಿದರೆ ಮಾತ್ರ ನನಗೆ ಹೇಳಲು ಬರುತ್ತದೆ, ಬೇಸರ ಮಾಡಿಕೊಳ್ಳಬೇಡ.

ಹೋದ ಚಳಿಗಾಲದಲ್ಲಿ ನೀನು ಒಂದು ಸಣ್ಣ ಸೀಸೆ ತಂದು ಈ ಮೇಜಿನ ಮೇಲೆ ಇಟ್ಟದ್ದು ನೆನಪಿದೆಯೇ? ಒಳಗೆ ಬಿಳಿ ಹರಳಿನಂಥದ್ದು, ಹೆಸರುಕಾಳಿಗಿಂತ ತುಸು ದೊಡ್ಡದು. ದಕ್ಷಿಣದ ಐಸಿನ ಸಮುದ್ರದ ದೊಡ್ಡ ಮೀನಿನ ಕಿವಿಯೊಳಗಿನ ಕಲ್ಲು, ಇದನ್ನು ಕೊಯ್ದು ನೋಡಿದರೆ ಮರದಲ್ಲಿ ಇದ್ದ ಹಾಗೆ ವರ್ಷಕ್ಕೊಂದು ಗೆರೆ ಕಾಣುತ್ತದೆ ಎಂದೆ ನೀನು. ದೇವರ ಜಗಲಿ ಇರುವ ಮನೆಯಲ್ಲಿ ಮೀನಿನ ಎಲುಬು ತಂದಿಟ್ಟೆಯಲ್ಲ ಎಂದು ನಾನು ಕೂಗಾಡಿದೆ. ಅಜ್ಜಿ ಮಾತ್ರ ಎಡಗೈ ಚಾಚಿ "ತಾ ಇಲ್ಲಿ, ನೋಡೂಣು" ಎಂದು ಅಂಗೈ ಮೇಲೆ ಸುರುವಿಕೊಂಡಳು. ಈ ಮೀನಿಗೆ ನಲವತ್ತಾರು ವರ್ಷ ಎಂದು ನೀನು ಹೇಳಿದಾಗ "ಹಂಗಾರ ನಮ್ಮ ದಾನವ್ವನ ತಂಗಿ ಆತಲ್ಲಬೇ ಇದು" ಎಂದು ನನ್ನ ಕಡೆ ತೋರಿಸಿ ನಕ್ಕಳು. ಅದರ ಹೆಸರೇ ಹಲ್ಲಿನ ಮೀನು ಎಂದು ನೀನು ಹೇಳಿದ್ದಕ್ಕೆ "ಅದಕ್ಕರ ಹಲ್ಲ ಅದಾವ, ನನಗ ಅವೂ ಇಲ್ಲ" ಎಂದಳು. ನೀವಿಬ್ಬರೂ ನಗುತ್ತಿದ್ದಿರಿ, ನಾನು ಮೇಜು ತಿಕ್ಕುತ್ತಿದ್ದೆ. ಆಮೇಲೆ ಅಜ್ಜಿ ಆ ಕಲ್ಲನ್ನು ಬಹಳ ಹೊತ್ತು ನೋಡಿ ಒಂದು ಮಾತು ಹೇಳಿದಳು. "ಹುಟ್ಟಿದಾಗಿಂದ ಸಾಯೂತನಕ ಒಂದ ಕಲ್ಲ ಬಿಡದ ಮೈಮ್ಯಾಲ ಇಟಗೊಂಡೈತಿ ನೋಡ. ನಾವು ಹೊರಗ ಕಟಗೋತೀವಿ, ಅದು ಒಳಗ ಕಟಗೊಂಡೈತಿ." ಲಿಂಗವನ್ನು ಮೀನಿನ ಎಲುಬಿಗೆ ಹೋಲಿಸಿದಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಡಿಸೆಂಬರಿನಲ್ಲಿ ನೀನು ಹಡಗು ಹತ್ತುವ ಹಿಂದಿನ ದಿನ ಆ ಉರಿಯೇ ಬಾಯಿಗೆ ಬಂತು. ಹಿಡಿಯುವವರು ಹೇಗೂ ಹಿಡಿಯುತ್ತಾರೆ ಅವ್ವ, ಎಷ್ಟು ಹಿಡಿದರೆ ಸಾಕು, ಎಷ್ಟನ್ನು ಸೀಲುಗಳಿಗೆ, ತಿಮಿಂಗಿಲಗಳಿಗೆ ಬಿಡಬೇಕು ಎಂದು ಹೇಳಲು ಒಬ್ಬರು ಹಡಗಿನ ಮೇಲೆಯೇ ಇರಬೇಕು, ಆ ಕೆಲಸ ನನ್ನದು ಎಂದು ನೀನು ಎಷ್ಟು ಸಮಾಧಾನದಿಂದ ಹೇಳಿದೆ. ಅಜ್ಜಿಗೆ ಒಂದೇ ಸಲಕ್ಕೆ ತಿಳಿಯಿತು. "ಕೆನಾಲಿನ ನೀರಿನ ಪಾಳಿ ನೋಡಾಕ ಒಬ್ಬ ಇರತಿದ್ನಲ್ಲ, ಹಂಗ. ಆಂವ ಇಲ್ಲಂದ್ರ ಮ್ಯಾಲಿನ ಹೊಲದವ್ರು ಎಲ್ಲಾ ನೀರ ತಿರುವಿಕೊಂಡ ಬಿಡತಿದ್ರು" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೀನು ಕೊಯ್ದ ಕೈಯಿಂದ ಲಿಂಗ ಮುಟ್ಟಬೇಡ, ಒಂದೋ ಆ ಕೆಲಸ ಬಿಡು, ಇಲ್ಲಾ ಲಿಂಗ ತೆಗೆದಿಡು ಎಂದೆ. ಅಜ್ಜಿ ಕುರ್ಚಿಯಿಂದಲೇ "ಲಿಂಗ ಕಟಗೊಂಡವರಿಗೆ ಸೂತಕ ಎಲ್ಲಿಂದ ಬಂತಬೇ? ನಾ ಬಾಣಂತಿ ಕ್ವಾಣ್ಯಾಗ ಇದ್ದಾಗೂ ಪೂಜಿ ಬಿಟ್ಟಿಲ್ಲ" ಎಂದು ಗದರಿಸಿದಳು. ಸೂತಕ ಬೇರೆ, ಕೊಲ್ಲುವುದು ಬೇರೆ ಎಂದು ನಾನು ಅತ್ತೆಗೇ ತಿರುಗಿ ಉತ್ತರ ಕೊಟ್ಟೆ. ಹುಟ್ಟಿದ ಹನ್ನೊಂದನೇ ದಿನ ಊರಿನ ಮಠದ ಅಯ್ಯನವರು ನಿನಗೆ ಕಟ್ಟಿದ್ದ ಲಿಂಗವನ್ನು ನೀನು ಕೊರಳಿಂದ ತೆಗೆದೆ, ಅದನ್ನಿಡುವ ಬೆಳ್ಳಿಯ ಕರಡಿಗೆಯೊಂದಿಗೆ ಜಗಲಿಯ ಮೇಲೆ ಇಟ್ಟೆ, ಅಜ್ಜಿಯ ಕಾಲು ಮುಟ್ಟಿ ಹೊರಟೆ. ನನ್ನ ಕಾಲನ್ನೂ ಮುಟ್ಟಿದೆ. ನಾನು ಬಾಗಿ ನಿನ್ನನ್ನು ಎಬ್ಬಿಸಲಿಲ್ಲ.

ನೀನು ಹೋದ ಮೇಲೆ ಅಜ್ಜಿ ದಿನಾ ನಿನ್ನ ಲಿಂಗವನ್ನು ತನ್ನ ಮುಂದೆ ತರಿಸಿಕೊಂಡು ಎರಡಕ್ಕೂ ಪೂಜೆ ಮಾಡುತ್ತಿದ್ದಳು. ನಾನು ಮುಟ್ಟುತ್ತಿರಲಿಲ್ಲ, ಕಿರಣ ತಂದುಕೊಡುತ್ತಿದ್ದ. ನಿನ್ನ ಈಮೇಲ್ ಬಂದರೆ ಮೀನಿನ ಲೆಕ್ಕ ಕೇಳುವವಳು ಅವಳೇ. "ಹಿಡದದ್ದ ಬ್ಯಾಡ, ಬಿಟ್ಟದ್ದ ಹೇಳು" ಎನ್ನುತ್ತಿದ್ದಳು. ಬೆನ್ನಿಗೆ ನಂಬರಿನ ಚೀಟಿ ಚುಚ್ಚಿ ಜೀವಂತ ನೀರಿಗೆ ಬಿಡುತ್ತೀರಲ್ಲ, ಆ ಮೀನುಗಳು. ಟ್ವೆಂಟಿ ತ್ರೀ ಅಜ್ಜಿ ಎಂದು ಕಿರಣ ಹೇಳಿದರೆ "ಇಪ್ಪತ್ತಮೂರು ಮನಿ ಮುಟ್ಟಿದ್ವು" ಎಂದು ಲಿಂಗಕ್ಕೆ ವರದಿ ಒಪ್ಪಿಸುತ್ತಿದ್ದಳು. ಹೊಸ ವರ್ಷದ ದಿನ ಬಚ್ಚಲಲ್ಲಿ ಜಾರಿ ಬಿದ್ದಳು, ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಆದರೂ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು, ವಿಭೂತಿಯನ್ನು ಪ್ಲಾಸ್ಟರಿನಿಂದ ಹೊರಗೆ ಉಳಿದ ಎರಡು ಬೆರಳ ತುದಿಯಿಂದ ಹಚ್ಚುತ್ತಿದ್ದಳು.

ಐದನೇ ತಾರೀಖು ಭಾನುವಾರ ನಿನ್ನ ಫೋನ್ ಬಂತು. ನಾಲ್ಕು ನಿಮಿಷ ಅಷ್ಟೇ ಸಿಗುತ್ತದೆ ಎಂದೆ ನೀನು. ಮೊದಲ ಮಾತಿಗೇ ಬಹಳ ಖುಷಿಯಿಂದ, ಇವತ್ತು ನಲವತ್ತು ಮೀನಿನ ಕಿವಿಕಲ್ಲು ತೆಗೆದೆ ಅವ್ವ ಎಂದೆ. ಅಜ್ಜಿಗೆ ಕೊಡು ಎಂದೆ. ಮಲಗ್ಯಾಳ ಎಂದೆ ನಾನು. ಆ ಭಾನುವಾರದ ಮಾತು ಆಮೇಲೆ ಬರೆಯುತ್ತೇನೆ.

ಮಂಗಳವಾರ ಬೆಳಿಗ್ಗೆ ಚಹಾದ ಬಟ್ಟಲು ಎತ್ತಲು ಹೋಗಿ ಅಜ್ಜಿ ಹಾಗೇ ಒಂದು ಕಡೆಗೆ ವಾಲಿದಳು. ಆಸ್ಪತ್ರೆಯಲ್ಲಿ, ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಸ್ಕ್ಯಾನಿಗೆ ಒಯ್ಯುವಾಗ ನರ್ಸ್ ಅವಳ ಕೊರಳಿನ ಕರಡಿಗೆ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಪಾಪ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು, ಅವಳಿಗೆ ಯಾರು ಹೇಳಿದ್ದರೋ. ಎಂಬತ್ತನಾಲ್ಕು ವರ್ಷದ ಅತ್ತೆಯ ಕೊರಳು ಬರಿದಾದದ್ದನ್ನು ಮೊದಲ ಸಲ ನೋಡಿದೆ. ಅದನ್ನು ಮನೆಗೆ ತಂದು ಜಗಲಿಯ ಮೇಲೆ ನಿನ್ನದರ ಮಗ್ಗುಲಿಗೆ ಇಟ್ಟೆ. ಆಮೇಲೆ ಅಜ್ಜಿಗೆ ಮಾತು ಬರಲಿಲ್ಲ. ಗುರುವಾರ ಮಧ್ಯಾಹ್ನ ಹೋದಳು. ನಿಮ್ಮಪ್ಪ ಕಿವಿಯಲ್ಲಿ ಶಿವನಾಮ ಹೇಳುತ್ತಲೇ ಇದ್ದರು, ಉಸಿರು ನಿಂತ ಮೇಲೂ ಹೇಳುತ್ತಿದ್ದರು. ನಾನೇ ಹೆಗಲು ಮುಟ್ಟಿ ನಿಲ್ಲಿಸಿದೆ.

ಶನಿವಾರ ಮಣ್ಣು ಮಾಡಿದೆವು. ಉತ್ತರದ ಈಸ್ಟ್ ತಮಾಕಿಯಿಂದ ನಮ್ಮವರಲ್ಲಿ ಹಿರಿಯರಾದ ಬಸಪ್ಪ ಅಂಕಲ್ ಬೆಳಗಿನ ವಿಮಾನಕ್ಕೆ ಬಂದು ಎಲ್ಲಾ ಮುಂದೆ ನಿಂತು ಮಾಡಿಸಿದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವ ಪದ್ಧತಿ, ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿಯೇ ಇಡಬೇಕು. ಬೆನ್ನ ಹಿಂದೆ ಎರಡು ದಿಂಬು ಕೊಟ್ಟು ತುಸು ಎತ್ತರ ಮಾಡಿದರು, ಪೂಜೆಗೆ ಒರಗಿ ಕೂತ ಹಾಗೆ ಕಂಡಳು. ಬಿಲ್ವಪತ್ರೆ ಊರಿನಿಂದ ತಂದ ಒಣಗಿದ್ದೇ. ಆ ಬಿಸಿಗಾಳಿಗೆ ವಿಭೂತಿ ಹಾರಿ ಎಲ್ಲರ ತಲೆಯ ಮೇಲೂ ಬಿತ್ತು.

ಈಗ ನನ್ನ ತಪ್ಪು ಹೇಳುತ್ತೇನೆ. ಅವತ್ತು ಬೆಳಿಗ್ಗೆ, ಅಜ್ಜಿಯ ಜೊತೆಗೇ ಮಣ್ಣಿಗೆ ಹೋಗಬೇಕಾದ ಅವಳ ಲಿಂಗ ಒಯ್ಯಲು ಜಗಲಿಯ ಮುಂದೆ ಕೂತೆ. ಪಕ್ಕದಲ್ಲಿ ನಿನ್ನದು ನಾಲ್ಕು ದಿನದಿಂದ ನೀರು ವಿಭೂತಿ ಕಾಣದೆ ಕೂತಿತ್ತು. ಅಜ್ಜಿ ಇದ್ದರೆ ಹೀಗೆ ಬಿಡುತ್ತಿದ್ದಳೇ ಎನಿಸಿತು. ಒಂದು ತಿಂಗಳಿನಿಂದ ಮುಟ್ಟದವಳು ಅವತ್ತು ಮುಟ್ಟಿದೆ. ಎರಡನ್ನೂ ಕರಡಿಗೆಯಿಂದ ತೆಗೆದು, ಒಂದೇ ತಟ್ಟೆಯಲ್ಲಿ ಇಟ್ಟು, ನೀರು ಹಾಕಿ ತೊಳೆದೆ. ಕಣ್ಣು ತುಂಬಿ ಹರಿಯುತ್ತಿತ್ತು, ಹೊರಗೆ ಕಾರಿನಲ್ಲಿ ನಿಮ್ಮಪ್ಪ ಕಾಯುತ್ತಿದ್ದರು. ಎರಡೂ ಒಂದೇ ಕಪ್ಪು, ಒಂದೇ ಗಾತ್ರ. ಒಂದನ್ನು ತೆಗೆದುಕೊಂಡೆ, ಬಿಳಿ ಬಟ್ಟೆಯಲ್ಲಿ ಸುತ್ತಿ ಒಯ್ದು ಅಜ್ಜಿಯ ಎಡಗೈಯಲ್ಲಿಟ್ಟು ಬೆರಳು ಮಡಿಚಿ ಕಟ್ಟಿದೆ. ನಾನೇ ಕಟ್ಟಿದ್ದು, ಯಾರಿಗೂ ಕೊಡಲಿಲ್ಲ.

ಸೋಮವಾರ ನಿನ್ನದೆಂದು ಉಳಿದ ಲಿಂಗವನ್ನು ಅಂಗೈಯಲ್ಲಿಟ್ಟು ವಿಭೂತಿ ಹಚ್ಚುವಾಗ ಹೆಬ್ಬೆರಳಿಗೆ ಒಂದು ಮುಕ್ಕು ತಾಗಿತು. ಅಜ್ಜಿ ಮದುವೆಯಾಗಿ ಬಂದ ವರ್ಷ ಬೀಸುವ ಕಲ್ಲಿನ ಮೇಲೆ ಬಿದ್ದು ಆದ ಮುಕ್ಕು ಅದು. ಎಷ್ಟು ಸಲ ತೋರಿಸಿದ್ದಳು. ಬದುಕಿರುವ ನನ್ನ ಮಗಳ ಲಿಂಗವನ್ನು ನನ್ನ ಕೈಯಾರೆ ಮಣ್ಣಿಗೆ ಇಟ್ಟುಬಂದಿದ್ದೆ. ಮಗಳು ಎಲ್ಲಿ ಎಂದರೆ ಭೂಮಿಯ ಕೊನೆಯಲ್ಲಿ, ಒಂದು ಹಡಗಿನ ಮೇಲೆ, ಐಸಿನ ನಡುವೆ. ನನಗೆ ಏನೇನು ಎನಿಸಿತು ಎಂದು ಬರೆಯುವುದಿಲ್ಲ, ಬರೆದರೆ ಆದೀತು ಎಂಬ ಹೆದರಿಕೆ. ಎಂಟು ದಿನದಿಂದ ನಿಮ್ಮ ಹಡಗಿನ ಸುದ್ದಿ ಕೇಳದೆ ನಾನು ತುತ್ತು ಎತ್ತಿಲ್ಲ. ಕಿರಣ ಪಾಪ, ದಿನಾ ಬೆಳಿಗ್ಗೆ ಕಂಪ್ಯೂಟರಿನ ನಕಾಶೆಯಲ್ಲಿ ಹಡಗಿನ ಚುಕ್ಕೆ ತೋರಿಸುತ್ತಾನೆ. ಆ ಚುಕ್ಕೆ ಸರಿದಿದ್ದರೆ ನನಗೆ ಜೀವ ಬರುತ್ತದೆ.

ನಿಮ್ಮಪ್ಪನಿಗೆ ಹೇಳಿದೆ. ಅಗೆಸಿ ಬದಲು ಮಾಡಲು ಬರುತ್ತದೆಯೇ ಎಂದು ಕೇಳಿದೆ. ಅವರು "ಯವ್ವನ್ನ ಮತ್ತ ಎಬ್ಬಸೂದು ಬ್ಯಾಡ ದಾನವ್ವ. ಮಮ್ಮಗಳನ್ನ ಕೈಯಾಗ ಹಿಡಕೊಂಡ ಹೋಗ್ಯಾಳಂತ ತಿಳಕೋ" ಎಂದರು. ಅವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಊರಿನ ಅಯ್ಯನವರಿಗೂ ಫೋನ್ ಮಾಡಿದೆ. ಅವರು ಬೈಯಲಿಲ್ಲ. "ಅದಕ್ಕೂ ಮೊದಲ ಹುಡುಗಿ ಕೊಳ್ಳಾಗಿಂದ ಯಾಕ ಬಂತದು?" ಎಂದು ಕೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ಅಜ್ಜಿಯದನ್ನೇ ಅವಳು ಕಟ್ಟಿಕೊಳ್ಳಲಿ, ಊರಿಗೆ ಬಂದಾಗ ನಾನು ಮಾಡಬೇಕಾದ ಶಾಸ್ತ್ರ ಮಾಡುತ್ತೇನೆ, ಆದರೆ ಕಟ್ಟಿಕೋ ಎಂದು ಹೇಳಬೇಕಾದವಳು ತಾಯಿಯಾದ ನೀನೇ ಎಂದರು.

ಆದ್ದರಿಂದ ಆ ಬಟ್ಟೆಯ ಗಂಟಿನಲ್ಲಿ ಇರುವುದು ಅಜ್ಜಿಯ ಲಿಂಗ. ಹೊಸ ಶಿವದಾರ ಹಾಕಿದ್ದೇನೆ. ನಿನ್ನ ಕೈಗೆ ಮೀನಿನ ವಾಸನೆ ಇದ್ದರೆ ಇರಲಿ. ರಬ್ಬರ್ ಅಂಗಿಯೊಳಗೆ ಕೊರಳಿಗೆ ಕಟ್ಟಿಕೋ. ನಿನಗೆ ನನ್ನ ಮೇಲೆ ಸಿಟ್ಟಿದ್ದರೆ, ಕಟ್ಟಿಕೊಳ್ಳಲು ಮನಸ್ಸಾಗದಿದ್ದರೆ, ಜೋಪಾನವಾಗಿ ಇಟ್ಟುಕೊಂಡು ಮಾರ್ಚಿನಲ್ಲಿ ಬರುವಾಗ ತಾ. ಯಾವುದು ಮಾಡಿದರೂ ಒಂದು ಸಾಲು ಬರೆ. ಕಿರಣ ಓದಿ ಹೇಳುತ್ತಾನೆ. ಈ ಸಲ ಬರೆಯುವಾಗ ಬಿಟ್ಟ ಮೀನು ಎಷ್ಟೆಂದು ಬರೆ. ಅಜ್ಜಿಯ ಲೆಕ್ಕ ನೂರಾ ಹನ್ನೆರಡಕ್ಕೆ ನಿಂತಿದೆ, ನಾನು ಮುಂದುವರಿಸುತ್ತೇನೆ. ನನಗೆ ಆ ಕೆಲಸ ಇನ್ನೂ ಪೂರ್ತಿ ತಿಳಿದಿಲ್ಲ, ಕೊಲ್ಲುವುದು ಈಗಲೂ ನನ್ನ ಮನಸ್ಸಿಗೆ ಒಪ್ಪುವುದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೂ ಬರೆ.

ನಿನ್ನ ಜೊತೆಯವರಿಗೆಲ್ಲ, ಆ ಅಡಿಗೆಯವನಿಗೂ, ನನ್ನ ಶರಣು ಹೇಳು. ನಿಮ್ಮಪ್ಪ, ಕಿರಣ ಬಹಳ ನೆನೆಯುತ್ತಾರೆ. ಶಿವ ಆ ಐಸಿನಲ್ಲೂ ಇದ್ದಾನೆ, ನಿನ್ನ ತಲೆಯ ಮೇಲೆ ಅವನ ಕೈ ಇರಲಿ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ದಾರಿ ಕಾಯುವ
ಅವ್ವ, ದಾನಮ್ಮ

ತಾ.ಕ. ನವ್ಯಾ ಬಂದಳು, ಕಾರು ಬಂದ್ ಮಾಡದೆ ಬಾಗಿಲಲ್ಲಿ ನಿಂತಿದ್ದಾಳೆ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನೀನು ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಬರೆದಿಲ್ಲ. ಆ ಭಾನುವಾರ ಅಜ್ಜಿ ಮಲಗಿರಲಿಲ್ಲ ಪ್ರಾಚಿ. ನನ್ನ ಎದುರಿಗೇ ಕುರ್ಚಿಯಲ್ಲಿ ಕೂತಿದ್ದಳು. ನಿನ್ನ ದನಿ ಕೇಳಿ "ನನ್ನ ಪ್ರಾಚವ್ವನೇನ? ಕೊಡಬೇ, ಇಲ್ಲಿ ಕೊಡು" ಎಂದು ಕೈ ಚಾಚಿದಳು. ಬಲಗೈಗೆ ಪ್ಲಾಸ್ಟರ್ ಇತ್ತಲ್ಲ, ಎಡಗೈ ಚಾಚಿದಳು. ಆ ನಲವತ್ತು ಮೀನಿನ ಉರಿಯಲ್ಲಿ ನಾನು ಮುಖ ತಿರುಗಿಸಿ ಮಲಗ್ಯಾಳ ಎಂದೆ. ಫೋನ್ ಇಟ್ಟು ತಿರುಗಿ ನೋಡಿದರೆ ಆ ಕೈ ಇನ್ನೂ ಹಾಗೇ ಇತ್ತು. ಆರು ದಿನದ ಮೇಲೆ ನಿನ್ನ ಲಿಂಗ ಇಟ್ಟದ್ದು ಅದೇ ಕೈಯಲ್ಲಿ.